ಊರಿನ ಜಮಾ-ಖರ್ಚು: ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಪಾಠ)



ಇಂಗ್ಲೆಂಡಿನ ಪ್ರವಾಸವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಒಂದು ಷರತ್ತು ಹಾಕಿದೆ. ಲಂಡನ್ನಿನ ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳ ಪ್ರಸ್ತಾಪ ಮಾಡುವುದಿಲ್ಲವೆಂದು ಹೇಳಿದೆ. ಅವುಗಳನ್ನು ಕುರಿತ ಪ್ರವಾಸಕಥನಗಳು ನಮ್ಮಲ್ಲಿ ಸಾಕಷ್ಟಿವೆ. ಅಲ್ಲದೆ ಈ ಸಭೆಯಲ್ಲಿರುವ ಹಲವರ ಮಕ್ಕಳು ಅಲ್ಲಿಯೇ ನೆಲೆಸಿರುವುದರಿಂದ ಆ ವಿಷಯಗಳನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ನಾನು ನಿವೇದಿಸಹೊರಟಿರುವುದು ಅಲ್ಲಿನ ಸಣ್ಣ ಊರುಗಳ, ಹಳ್ಳಿಗಳ ಹಳೆಯ ಚರ್ಚುಗಳ ವಿಚಾರ. ಪ್ರವಾಸಿಗಳ ಬಸ್ಸು ನಿಲ್ಲದ, ಪ್ರವೇಶಶುಲ್ಕವಿಲ್ಲದ, ಹೆಚ್ಚಿನ ವೇಳೆ ಒಳಗೆ ಒಬ್ಬ ನರಪ್ರಾಣಿಯೂ ಇಲ್ಲದ ಚರ್ಚುಗಳು.

ನಾನು ಕೇಂದ್ರ ಸರಕಾರದ ಲೆಕ್ಕಪತ್ರ ವಿಭಾಗದವನು. ಮಾನಸಗಂಗೋತ್ರಿಯಲ್ಲಿ ಮಾಡಿದ ಇತಿಹಾಸದ ಎಂ.ಎ. ಬಹುಕಾಲ ನನಗೆ ಕಚೇರಿಯಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಇಲಾಖೆಯ ತರಬೇತಿಯೊಂದರ ಸಲುವಾಗಿ ಹತ್ತು ವಾರ ಇಂಗ್ಲೆಂಡಿನಲ್ಲಿರುವ ಅವಕಾಶ ಒದಗಿದಾಗಲೂ, ಆಮೇಲೆ ಎರಡು ಸಲ ಮಗಳ ಮನೆಗೆ ಹೋದಾಗಲೂ ರಜಾದಿನಗಳಲ್ಲಿ ರೈಲು, ಬಸ್ಸು, ಕಾಲ್ನಡಿಗೆಗಳಿಂದ ಸುಮಾರು ನಲವತ್ತು ಚರ್ಚುಗಳನ್ನು ನೋಡಿದೆ. ನಾನು ಕ್ರೈಸ್ತನಲ್ಲ. ಶಿಲ್ಪಶಾಸ್ತ್ರದಲ್ಲಿಯೂ ನನಗೆ ವಿಶೇಷ ಪರಿಶ್ರಮವಿಲ್ಲ. ಕಮಾನಿನ ಆಕಾರ ನೋಡಿ ಶತಮಾನ ಹೇಳುವ ವಿದ್ಯೆಯನ್ನು ಕೈಪಿಡಿಗಳಿಂದ ಅಷ್ಟಿಷ್ಟು ಕಲಿತದ್ದು ಮಾತ್ರ. ನನ್ನನ್ನು ಮತ್ತೆ ಮತ್ತೆ ಎಳೆದೊಯ್ದದ್ದು ಬೇರೆಯೇ ಒಂದು ಸಂಗತಿ. ಈ ಕಟ್ಟಡಗಳಲ್ಲಿ ಒಂದೊಂದೂ ಆ ಊರಿನ ಕಿರ್ದಿ ಪುಸ್ತಕದಂತೆ ನನಗೆ ಕಂಡಿತು. ಬಂದದ್ದೆಷ್ಟು, ಹೋದದ್ದೆಷ್ಟು, ಯಾರಿಂದ ಬಂತು, ಯಾರ ಕಾಲದಲ್ಲಿ ಕಳೆದುಹೋಯಿತು ಎಂಬುದೆಲ್ಲ ಕಲ್ಲಿನಲ್ಲಿ, ಮರದಲ್ಲಿ, ಗಾಜಿನಲ್ಲಿ ನಮೂದಾಗಿದೆ. ಆ ಪುಸ್ತಕದ ಜಮಾ ಬಾಜುವಿನಲ್ಲಿ ನಮ್ಮ ನಾಡಿನಿಂದ ಹೋದ ಮೊತ್ತವೂ ಇದೆ. ಅದನ್ನು ನಾವು ಹೇಗೆ ಓದಬೇಕು ಎಂಬುದೇ ನನ್ನ ಪ್ರಶ್ನೆ.

ಮೊದಲು ಸಂಖ್ಯೆಗಳನ್ನು ಹೇಳಿಬಿಡುತ್ತೇನೆ. ವೃತ್ತಿಯ ಅಭ್ಯಾಸ, ಕ್ಷಮಿಸಬೇಕು. ಇಂಗ್ಲೆಂಡಿನ ಅಧಿಕೃತ ಧರ್ಮಸಂಸ್ಥೆಯಾದ ಆಂಗ್ಲಿಕನ್ ಚರ್ಚಿಗೆ ಸೇರಿದ ಕಟ್ಟಡಗಳು ಸುಮಾರು 16,000. ಅವುಗಳ ಪೈಕಿ 12,000ಕ್ಕೂ ಹೆಚ್ಚು ಕಟ್ಟಡಗಳು ಕಾನೂನಿನ ರಕ್ಷಣೆಗೆ ಒಳಪಟ್ಟ ಐತಿಹಾಸಿಕ ಕಟ್ಟಡಗಳು. ನಾರ್ಫಕ್ ಎಂಬ ಒಂದೇ ಕೌಂಟಿಯಲ್ಲಿ ಮಧ್ಯಯುಗದ ಚರ್ಚುಗಳು ಆರುನೂರಕ್ಕಿಂತ ಹೆಚ್ಚಿವೆ. ಬಯಲಿನಲ್ಲಿ ನಿಂತು ಸುತ್ತ ನೋಡಿದರೆ ಒಂದು ಚರ್ಚಿನ ಗೋಪುರದ ಹಿಂದೆ ಇನ್ನೊಂದು, ಅದರಾಚೆ ಮತ್ತೊಂದು ಕಾಣುತ್ತದೆ.

ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ವ್ಯಾಪ್ತಿ ಎಂದಷ್ಟೇ ನಾವು ತಿಳಿಯುತ್ತೇವೆ. ವಸ್ತುತಃ ಬಹುಕಾಲ ಅದು ಆಡಳಿತದ ಕಟ್ಟಕಡೆಯ ಮೆಟ್ಟಿಲೂ ಆಗಿತ್ತು. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆದೇಶದಂತೆ ಪ್ರತಿಯೊಂದು ಪ್ಯಾರಿಷ್ ತನ್ನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡತೊಡಗಿತು. ಶೇಕ್ಸ್‌ಪಿಯರ್ ಹುಟ್ಟಿದ ದಿನ ಯಾರಿಗೂ ನಿಶ್ಚಿತವಾಗಿ ತಿಳಿಯದು. ಸ್ಟ್ರ್ಯಾಟ್‌ಫರ್ಡಿನ ಚರ್ಚಿನ ದಾಖಲೆಯಲ್ಲಿ 1564ರ ಏಪ್ರಿಲ್ 26ರಂದು ಅವನಿಗೆ ದೀಕ್ಷಾಸ್ನಾನವಾಯಿತೆಂದು ಇರುವುದರಿಂದಲೇ ನಾವು ಅವನ ಜಯಂತಿಯನ್ನು ಅಂದಾಜಿನ ಮೇಲೆ ಆಚರಿಸುತ್ತೇವೆ. 1555ರ ಕಾನೂನು ರಸ್ತೆಗಳ ದುರಸ್ತಿಯನ್ನೂ 1601ರ ಕಾನೂನು ಬಡವರ ಪೋಷಣೆಯನ್ನೂ ಪ್ಯಾರಿಷ್ಷಿಗೆ ವಹಿಸಿದವು. ಆದ್ದರಿಂದಲೇ ಹಳೆಯ ಚರ್ಚುಗಳ ಮೂಲೆಯಲ್ಲಿ ಈಗಲೂ ದಪ್ಪ ಮರದ ಪೆಟ್ಟಿಗೆಯೊಂದನ್ನು ಕಾಣಬಹುದು. ಅನೇಕ ಪೆಟ್ಟಿಗೆಗಳಿಗೆ ಮೂರು ಬೀಗ. ಒಂದರ ಕೀಲಿ ಪಾದ್ರಿಯಲ್ಲಿ, ಉಳಿದೆರಡರ ಕೀಲಿಗಳು ಇಬ್ಬರು ವಾರ್ಡನ್ನರಲ್ಲಿ. ಈ ವಾರ್ಡನ್ನರು ನಮ್ಮ ದೇವಸ್ಥಾನಗಳ ಧರ್ಮದರ್ಶಿಗಳಂಥವರು. ಮೂವರೂ ಕೂಡಿಬಂದಲ್ಲದೆ ಪೆಟ್ಟಿಗೆ ತೆರೆಯದು. ಖಜಾನೆಯ ಜಂಟಿ ಬೀಗದ ನಿಯಮವನ್ನು ನೌಕರಿಯ ಮೊದಲ ವರ್ಷವೇ ಬಾಯಿಪಾಠ ಮಾಡಿದ್ದ ನನಗೆ ಆ ಪೆಟ್ಟಿಗೆಯ ಮುಂದೆ ಯಾರೋ ಹಳೆಯ ಸಹೋದ್ಯೋಗಿಯನ್ನು ಕಂಡ ಹಾಗಾಯಿತು. ಗೋಡೆಯ ಮೇಲೆ ದತ್ತಿ ಫಲಕಗಳಿರುತ್ತವೆ: ಇಂಥವರು ಇಷ್ಟು ಹಣ ಬಿಟ್ಟಿದ್ದಾರೆ, ಅದರ ಬಡ್ಡಿಯಿಂದ ಊರಿನ ಬಡವರಿಗೆ ಇಂಥ ದಿನ ರೊಟ್ಟಿ ಹಂಚತಕ್ಕದ್ದು, ಇತ್ಯಾದಿ. ದತ್ತಿಯ ಷರತ್ತುಗಳನ್ನು ಊರೆಲ್ಲ ಓದುವಂತೆ ಗೋಡೆಯ ಮೇಲೆ ಬರೆದುಬಿಟ್ಟರೆ ಅದಕ್ಕಿಂತ ಒಳ್ಳೆಯ ಲೆಕ್ಕಪರಿಶೋಧನೆ ಇನ್ನೊಂದಿಲ್ಲ.

ಚರ್ಚಿನ ಒಳವಿನ್ಯಾಸದಲ್ಲಿಯೂ ಲೆಕ್ಕವಿದೆ. ಜನ ಕೂರುವ ಭಾಗ ಪಶ್ಚಿಮಕ್ಕೆ, ಬಲಿಪೀಠವಿರುವ ಗರ್ಭಗುಡಿಯ ಭಾಗ ಪೂರ್ವಕ್ಕೆ. ಜನ ಕೂರುವ ಭಾಗದ ದುರಸ್ತಿ ಊರವರ ಹೊಣೆ. ಗರ್ಭಗುಡಿಯ ದುರಸ್ತಿ ದಶಾಂಶದ ಆದಾಯ ಪಡೆಯುತ್ತಿದ್ದವನ ಹೊಣೆ. ಹದಿನಾರನೆಯ ಶತಮಾನದಲ್ಲಿ ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿ, ದಶಾಂಶಗಳನ್ನು ಖಾಸಗಿಯವರಿಗೆ ಮಾರಿದಾಗ ಈ ಹೊಣೆಯೂ ಭೂಮಿಯ ಜೊತೆಯಲ್ಲಿಯೇ ಹೋಯಿತು. ಇದು ಸತ್ತ ಕಾನೂನೆಂದು ಭಾವಿಸಬೇಡಿ. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಹೊಲವೊಂದರ ಒಡೆತನ ಪಡೆದಿದ್ದ ದಂಪತಿಗಳು ಅಲ್ಲಿಯ ಚರ್ಚಿನ ಗರ್ಭಗುಡಿಯನ್ನು ದುರಸ್ತಿ ಮಾಡಿಸಲೇಬೇಕೆಂದು 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ನೀಡಿತು. ಕೊನೆಗೆ ಅವರ ಪಾಲಿಗೆ ಬಂದ ದುರಸ್ತಿಯ ವೆಚ್ಚ 1,80,000 ಪೌಂಡಿಗೂ ಹೆಚ್ಚು; ವಕೀಲರ ಖರ್ಚು ಬೇರೆ. ಆ ದಂಪತಿಗಳ ಬಗ್ಗೆ ನನಗೆ ಮರುಕವಿದೆ. ಆದರೆ ನಾಲ್ಕೂವರೆ ಶತಮಾನಗಳ ಹಿಂದಿನ ಬಾಕಿಯನ್ನು ಮರೆಯದ ಕಡತವೊಂದು ಜಗತ್ತಿನಲ್ಲಿ ಇದೆಯಲ್ಲ ಎಂದು ಬೆರಗೂ ಆಯಿತು.

ಇನ್ನು ಕೆಲವು ಊರುಗಳಿಗೆ ಬರುತ್ತೇನೆ. ಉತ್ತರದ ಡರಮ್ ಕೌಂಟಿಯ ಎಸ್ಕಮ್ ಎಂಬಲ್ಲಿ ಏಳನೆಯ ಶತಮಾನದ ಒಂದು ಪುಟ್ಟ ಚರ್ಚಿದೆ. ಸುತ್ತಲೂ ಸಾಧಾರಣ ಮನೆಗಳು, ನಡುವೆ ಗೋಲಾಕಾರದ ಗೋಡೆಯೊಳಗೆ ಈ ಚರ್ಚು. ಅದರ ಕಲ್ಲುಗಳೆಲ್ಲ ಹತ್ತಿರದ ಬಿಂಚೆಸ್ಟರ್ ಎಂಬಲ್ಲಿ ರೋಮನ್ನರು ಬಿಟ್ಟುಹೋದ ಕೋಟೆಯವು. ಆರನೆಯ ರೋಮನ್ ದಳದ ಹೆಸರು ಕೊರೆದ ಒಂದು ಕಲ್ಲೂ ಗೋಡೆಯಲ್ಲಿ ಸೇರಿಕೊಂಡಿದೆ. ಕಟ್ಟಿದವರಿಗೆ ಆ ಅಕ್ಷರಗಳಿಂದ ಏನೂ ಆಗಬೇಕಾಗಿರಲಿಲ್ಲ. ಚೌಕವಾದ ಕಲ್ಲು ಸಿಕ್ಕಿತು, ಇಟ್ಟರು. ಒಂದು ಸಾಮ್ರಾಜ್ಯದ ಘನತೆಗೆ ಮುನ್ನೂರು ವರ್ಷಗಳಲ್ಲಿ ಉಳಿದ ಬೆಲೆ ಅಷ್ಟು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾರ್ಟ್‌ಫರ್ಡ್‌ಶೈರಿನ ಆಶ್‌ವೆಲ್ಲಿನಲ್ಲಿ ಗೋಪುರದ ಒಳಗೋಡೆಯ ಮೇಲೆ ಯಾರೋ ಲ್ಯಾಟಿನ್ನಿನಲ್ಲಿ ಗೀಚಿದ್ದಾರೆ. 1350ರ ಮಹಾಮಾರಿ ಪ್ಲೇಗಿನ ವಿಚಾರ. ಆ ಕಾಲ ಎಷ್ಟು ದಾರುಣವಾಗಿತ್ತು, ಬದುಕುಳಿದವರು ಎಂಥವರು ಎಂಬುದನ್ನು ಅತ್ಯಂತ ಕಹಿಯಾಗಿ ಹೇಳುವ ಎರಡು-ಮೂರು ಸಾಲು. ನಾನು ಅಲ್ಲಿಗೆ ಹೋದದ್ದು ಕೋವಿಡ್ ಕಾಲ ಮುಗಿದ ಮೇಲೆ. ಆ ಗೀಚನ್ನು ಕುರಿತು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಸಫಕ್ ಕೌಂಟಿಯಲ್ಲಿ ಮಾತ್ರ ತುಸು ನಿಲ್ಲಬೇಕು. ಹದಿನೈದನೆಯ ಶತಮಾನದಲ್ಲಿ ಅಲ್ಲಿಯ ಊರುಗಳು ಉಣ್ಣೆಬಟ್ಟೆಯ ವ್ಯಾಪಾರದಿಂದ ಹಣವಂತವಾದವು. ಲ್ಯಾವನಮ್ ಎಂಬುದು ಈಗ ಒಂದು ದೊಡ್ಡ ಹಳ್ಳಿಯಷ್ಟೇ. 1524ರ ತೆರಿಗೆಯ ಲೆಕ್ಕದಂತೆ ಅದು ಇಡೀ ಇಂಗ್ಲೆಂಡಿನಲ್ಲಿ ಹದಿನಾಲ್ಕನೆಯ ಶ್ರೀಮಂತ ಊರು. ಅಲ್ಲಿಯ ಚರ್ಚಿನ ಗೋಪುರ 141 ಅಡಿ ಎತ್ತರ. ಕಟ್ಟಿಸಿದವರು ಆಕ್ಸ್‌ಫರ್ಡಿನ ಅರ್ಲ್ ಮನೆತನದವರು ಮತ್ತು ಸ್ಪ್ರಿಂಗ್ ಎಂಬ ಬಟ್ಟೆ ವ್ಯಾಪಾರಿಗಳು. ಕುಲೀನರ ಲಾಂಛನವಾದ ನಕ್ಷತ್ರವೂ ಇದೆ, ವ್ಯಾಪಾರಿಯ ಲಾಂಛನವೂ ಇದೆ. ವ್ಯಾಪಾರಿ ತನ್ನದನ್ನು ಗೋಪುರದ ನೆತ್ತಿಯಲ್ಲಿ ಮತ್ತೆ ಮತ್ತೆ ಕೆತ್ತಿಸಿದ್ದಾನೆ. ಹೊಸ ಹಣದ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ.

ಅಲ್ಲಿಂದ ನಾಲ್ಕೈದು ಮೈಲಿಯಾಚೆಯ ಲಾಂಗ್ ಮೆಲ್ಫರ್ಡಿನಲ್ಲಿ ಚರ್ಚಿನ ಹೊರಗೋಡೆಯ ಮೇಲುಭಾಗದಲ್ಲಿ ದೊಡ್ಡ ಅಕ್ಷರಗಳ ಬರಹ ಉದ್ದಕ್ಕೂ ಸಾಗಿದೆ. ಈ ಭಾಗವನ್ನು ಕಟ್ಟಿಸಿದವರು ಇಂಥವರು, ಅವರ ಆತ್ಮಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ಸಾರಾಂಶ. ಕ್ಲಾಪ್ಟನ್ ಮನೆತನದವರು, ವ್ಯಾಪಾರಿಗಳು, ಅವರ ಹೆಂಡಂದಿರು, ಎಲ್ಲರ ಹೆಸರೂ ಇದೆ. ಇದನ್ನು ನಾವು ದಾನಶಾಸನವೆಂದು ಓದಿ ಮುಂದೆ ಹೋಗುವುದು ಸಹಜ. ಆದರೆ ಇದರಲ್ಲಿ ಒಂದು ಒಪ್ಪಂದವಿದೆ. ಅಂದಿನ ಕ್ಯಾಥೊಲಿಕ್ ನಂಬಿಕೆಯಂತೆ ಸತ್ತವರ ಆತ್ಮ ಶುದ್ಧೀಕರಣದ ಯಾತನೆಯಲ್ಲಿರುತ್ತದೆ. ಬದುಕಿರುವವರ ಪ್ರಾರ್ಥನೆಯಿಂದ ಆ ಯಾತನೆ ಕಡಿಮೆಯಾಗುತ್ತದೆ. ಅವರು ಕಲ್ಲು ಕೊಟ್ಟರು, ಊರು ಪ್ರಾರ್ಥನೆ ಕೊಡಬೇಕು. ಈ ಬರಹ ಮುಗಿದು ಐವತ್ತೇ ವರ್ಷಗಳಲ್ಲಿ ಪ್ರಭುತ್ವ ಧರ್ಮವನ್ನು ಬದಲಿಸಿತು. 1534ರಲ್ಲಿ ರಾಜನೇ ಧರ್ಮಸಂಸ್ಥೆಯ ಮುಖ್ಯಸ್ಥನಾದ; 1547ರ ಕಾನೂನು ಸತ್ತವರಿಗಾಗಿ ಪೂಜೆ ನಡೆಸುವ ದತ್ತಿಗಳನ್ನೆಲ್ಲ ರದ್ದುಮಾಡಿ ಅವುಗಳ ಆಸ್ತಿಯನ್ನು ರಾಜಭಂಡಾರಕ್ಕೆ ಸೇರಿಸಿತು. ಅಂದಿನಿಂದ ಲಾಂಗ್ ಮೆಲ್ಫರ್ಡಿನ ಗೋಡೆ ಪ್ರಾರ್ಥನೆಯನ್ನು ಕೇಳುತ್ತಲೇ ಇದೆ. ಅಂಥ ಪ್ರಾರ್ಥನೆ ವ್ಯರ್ಥವೆಂದು ಸಾರಿದ ಧರ್ಮ ಅದೇ ಗೋಡೆಯೊಳಗೆ ನಡೆದುಕೊಂಡು ಬಂದಿದೆ. ಅಕ್ಷರಗಳನ್ನು ಮಾತ್ರ ಯಾರೂ ಕಿತ್ತುಹಾಕಲಿಲ್ಲ.

ಕಿತ್ತುಹಾಕಿದ ಕಡೆಗಳು ಬೇಕಾದಷ್ಟಿವೆ. ಅಂತರ್ಯುದ್ಧದ ಕಾಲದಲ್ಲಿ, 1643-44ರಲ್ಲಿ, ವಿಲಿಯಂ ಡೌಸಿಂಗ್ ಎಂಬಾತ ಪಾರ್ಲಿಮೆಂಟಿನ ಪಕ್ಷದ ಅಧಿಕಾರಪತ್ರ ಹಿಡಿದು ಕೇಂಬ್ರಿಜ್‌ಶೈರ್, ಸಫಕ್‌ಗಳ ಚರ್ಚುಗಳನ್ನು ಸುತ್ತಿ ವಿಗ್ರಹ, ಚಿತ್ರ, ಬಣ್ಣದ ಗಾಜುಗಳನ್ನು ಒಡೆಸಿದ. ಪ್ರತಿದಿನ ಎಷ್ಟು ಒಡೆದದ್ದಾಯಿತೆಂದು ದಿನಚರಿಯನ್ನೂ ಬರೆದಿಟ್ಟ. ಬ್ಲೈಬರೊ ಎಂಬ ಜವುಗು ತೀರದ ಊರಿನ ಚರ್ಚಿಗೂ ಬಂದಿದ್ದ. ಅಲ್ಲಿಯ ಛಾವಣಿಯಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರು ಈಗಲೂ ಇದ್ದಾರೆ. ಅವರ ಮೈಯಲ್ಲಿ ಸೀಸದ ಗುಂಡುಗಳು ಸಿಕ್ಕಿದ್ದರಿಂದ ಡೌಸಿಂಗನ ಸೈನಿಕರೇ ಗುಂಡು ಹಾರಿಸಿದರೆಂದು ಜನ ಬಹುಕಾಲ ನಂಬಿದ್ದರು. ಗುಂಡುಗಳನ್ನು ಪರೀಕ್ಷಿಸಿದಾಗ ಅವು ಹದಿನೆಂಟನೆಯ ಶತಮಾನದವೆಂದು ತಿಳಿಯಿತು. ವಾರ್ಡನ್ನರ ಲೆಕ್ಕದಲ್ಲಿ ಉತ್ತರವಿತ್ತು: ಚರ್ಚಿನೊಳಗೆ ಗೂಡು ಕಟ್ಟುತ್ತಿದ್ದ ಕಾಗೆಯ ಜಾತಿಯ ಹಕ್ಕಿಗಳನ್ನು ಹೊಡೆಯಲು ಕೂಲಿ ಕೊಟ್ಟ ಖರ್ಚು ಅಲ್ಲಿ ಬಿದ್ದಿದೆ. ಡೌಸಿಂಗನ ಮೇಲೆ ನಿಜವಾದ ಆರೋಪಗಳೇ ಸಾಕಷ್ಟಿರುವಾಗ ಇದೊಂದನ್ನು ಅವನ ಖಾತೆಯಿಂದ ತೆಗೆದುಹಾಕಬಹುದು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ ಊರು ನೈಋತ್ಯದ ಡೆವನ್ನಿನ ಮೋರ್‌ಬಾತ್. ಅಲ್ಲಿಯ ಚರ್ಚಿನಲ್ಲಿ ನೋಡುವಂಥದ್ದು ವಿಶೇಷವಾಗಿ ಏನೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಪಾಲು ನವೀಕರಿಸಿಬಿಟ್ಟಿದ್ದಾರೆ. ನಾನು ಹೋದದ್ದು ಒಂದು ಪುಸ್ತಕವನ್ನು ಓದಿ. ಹದಿನಾರನೆಯ ಶತಮಾನದಲ್ಲಿ ಅದು ಮೂವತ್ತಮೂರು ಮನೆಗಳ, ಕುರಿ ಸಾಕುವವರ ಬಡ ಹಳ್ಳಿ. 1520ರಿಂದ 1574ರ ವರೆಗೆ, ಐವತ್ತನಾಲ್ಕು ವರ್ಷ, ಅಲ್ಲಿ ಒಬ್ಬನೇ ಪಾದ್ರಿ. ಹೆಸರು ಕ್ರಿಸ್ಟೋಫರ್ ಟ್ರಿಕಿ. ಚರ್ಚಿನ ಲೆಕ್ಕವನ್ನೆಲ್ಲ ಅವನೇ ತನ್ನ ಕೈಯಾರೆ ಬರೆದ; ವರ್ಷವರ್ಷವೂ ಊರವರನ್ನು ಸೇರಿಸಿ ಅದನ್ನು ಗಟ್ಟಿಯಾಗಿ ಓದಿಹೇಳುತ್ತಿದ್ದ. ಆ ಲೆಕ್ಕಗಳು ಉಳಿದುಬಂದಿವೆ. ಚರಿತ್ರಕಾರ ಎಮನ್ ಡಫಿ 2001ರಲ್ಲಿ ಅವುಗಳನ್ನು ಆಧರಿಸಿ ಒಂದು ಗ್ರಂಥವನ್ನೇ ರಚಿಸಿದ್ದಾರೆ.

ಆ ಹಳ್ಳಿಯಲ್ಲಿ ಒಬ್ಬೊಬ್ಬ ಸಂತನ ವಿಗ್ರಹಕ್ಕೂ ಒಂದೊಂದು ನಿಧಿ, ಆ ನಿಧಿಗೆ ಸೇರಿದ ಕುರಿಗಳು. ಒಂದು ಕುರಿ ಇವರ ಮನೆಯಲ್ಲಿ, ಇನ್ನೊಂದು ಅವರ ಮನೆಯಲ್ಲಿ ಮೇಯುತ್ತದೆ. ಉಣ್ಣೆ ಮಾರಿದ ಹಣ ಸಂತನ ಮುಂದೆ ದೀಪಕ್ಕೆ. ಊರಿನ ತರುಣರದ್ದೊಂದು ನಿಧಿ, ಕನ್ಯೆಯರದ್ದೊಂದು ನಿಧಿ. ಅವಕ್ಕೆ ಬೇರೆ ಬೇರೆ ಧರ್ಮದರ್ಶಿಗಳು. ಯಾರ ಮನೆಯ ಕುರಿ ಸತ್ತಿತು ಎಂಬುದೂ ಲೆಕ್ಕದಲ್ಲಿದೆ. ಪಾದ್ರಿ ತಾನು ಬಂದ ಹೊಸತರಲ್ಲಿ ಸಂತ ಸಿಡ್‌ವೆಲ್ ಎಂಬ ದೇವಿಯ ವಿಗ್ರಹವನ್ನು ತಂದು ಸ್ಥಾಪಿಸಿದ. ಊರವರು ಅವಳಿಗೆ ಬೆಳ್ಳಿಯ ಪಾದರಕ್ಷೆ ಮಾಡಿಸಿದರು. ಶವಸಂಸ್ಕಾರದ ಪೂಜೆಗೆ ಬೇಕಾದ ಕಪ್ಪು ಪೂಜಾವಸ್ತ್ರಗಳಿಗಾಗಿ ಅವನು ಸುಮಾರು ಇಪ್ಪತ್ತು ವರ್ಷ ಕಾಸಿಗೆ ಕಾಸು ಕೂಡಿಸಿದ. 1547ರಲ್ಲಿ ಅವು ಬಂದವು. ಅದೇ ವರ್ಷ ಹೆನ್ರಿ ತೀರಿಕೊಂಡು ಬಾಲಕ ಎಡ್ವರ್ಡ್ ಪಟ್ಟಕ್ಕೆ ಬಂದ. ಅವನ ಆಡಳಿತದಲ್ಲಿ ವಿಗ್ರಹಗಳು ಹೋದವು, ನಿಧಿಗಳು ಹೋದವು, ಕುರಿಗಳು ಮಾರಾಟವಾದವು, ಕಪ್ಪು ವಸ್ತ್ರಗಳಿಗೂ ಕೆಲಸವಿಲ್ಲದಾಯಿತು. 1549ರಲ್ಲಿ ಹೊಸ ಪ್ರಾರ್ಥನಾ ಪುಸ್ತಕದ ವಿರುದ್ಧ ಡೆವನ್, ಕಾರ್ನ್‌ವಾಲ್‌ಗಳ ರೈತರು ದಂಗೆಯೆದ್ದು ಎಕ್ಸೆಟರ್ ನಗರವನ್ನು ಮುತ್ತಿದರು. ಮೋರ್‌ಬಾತಿನ ಲೆಕ್ಕದಲ್ಲಿ ಆ ವರ್ಷ ಒಂದು ನಮೂದು ಇದೆ: ಐವರು ತರುಣರನ್ನು ಎಕ್ಸೆಟರ್ ಬಳಿಯ ಬಂಡಾಯಗಾರರ ಶಿಬಿರಕ್ಕೆ ಊರ ಖರ್ಚಿನಲ್ಲಿ ಕಳಿಸಿದ ಬಾಬ್ತು. ರಾಜದ್ರೋಹದ ವೆಚ್ಚವನ್ನು ಧರ್ಮದರ್ಶಿಗಳ ಲೆಕ್ಕದಲ್ಲಿ ರೀತ್ಯಾ ಬರೆದಿಟ್ಟಿದ್ದಾರೆ. ಬಂಡಾಯವನ್ನು ಪ್ರಭುತ್ವ ನಿರ್ದಯವಾಗಿ ಅಡಗಿಸಿತು. ಆ ಐವರಲ್ಲಿ ಕೆಲವರ ಹೆಸರು ಮುಂದಿನ ಲೆಕ್ಕಗಳಲ್ಲಿ ಎಲ್ಲಿಯೂ ಬರುವುದಿಲ್ಲ.

1553ರಲ್ಲಿ ಮೇರಿ ರಾಣಿಯಾಗಿ ಹಳೆಯ ಧರ್ಮ ಮರಳಿದಾಗ, ಊರವರು ತಮ್ಮ ತಮ್ಮ ಮನೆಗಳಲ್ಲಿ ಬಚ್ಚಿಟ್ಟಿದ್ದ ವಿಗ್ರಹದ ತುಂಡು, ಚಿತ್ರಿಸಿದ ಹಲಗೆ, ಪೂಜಾ ಸಾಮಗ್ರಿಗಳನ್ನು ಒಂದೊಂದಾಗಿ ಹಿಂದಕ್ಕೆ ತಂದುಕೊಟ್ಟರು. ಯಾರು ಏನು ತಂದರೆಂದು ಪಾದ್ರಿ ಬರೆದುಕೊಂಡ. ಐದು ವರ್ಷದ ಮೇಲೆ ಎಲಿಜಬೆತ್ ಬಂದಳು. ಅವೆಲ್ಲ ಮತ್ತೆ ಹೋದವು. ಟ್ರಿಕಿ ಮಾತ್ರ ಇದ್ದಲ್ಲಿಯೇ ಇದ್ದ. ಹೊಸ ಪುಸ್ತಕದಿಂದ ಹೊಸ ಪ್ರಾರ್ಥನೆ ಓದಿದ, ಲೆಕ್ಕವನ್ನೂ ಬರೆದ. ಅವನನ್ನು ಅವಕಾಶವಾದಿಯೆಂದು ಹೇಳುವವರಿದ್ದಾರೆ. ಸರಕಾರ ಬದಲಾದಾಗಲೆಲ್ಲ ಹೊಸ ಸುತ್ತೋಲೆಯಂತೆ ಹಳೆಯ ಕಡತವನ್ನು ತಿದ್ದಿದ ಅನುಭವ ನನಗೂ ಉಂಟು. ನಾನು ಹಾಗೆ ಹೇಳಲಾರೆ. ಅವನು ರಾಜೀನಾಮೆ ಕೊಟ್ಟು ಹೋಗಿದ್ದರೆ ಆತ್ಮಗೌರವ ಉಳಿಯುತ್ತಿತ್ತು, ಐವರು ತರುಣರ ಹೆಸರು ಉಳಿಯುತ್ತಿರಲಿಲ್ಲ.

ಈಗ ಆ ಇನ್ನೊಂದು ಜಮಾ ಬಾಬ್ತಿಗೆ ಬರುತ್ತೇನೆ. ಕೆಂಟ್ ಕೌಂ‌ಟಿಯ ಫ್ಯಾವರ್ಶಮ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು ನಾಲ್ಕು ಮೈಲಿ ದೂರದಲ್ಲಿ ಥ್ರೋಲಿ ಎಂಬ ಹಳ್ಳಿಯಿದೆ. ಹೊಲಗಳ ನಡುವೆ ಚರ್ಚು. ಒಳಗೆ ಒಂದು ಪಕ್ಕ ಸಾಂಡ್ಸ್ ಎಂಬ ಹಳೆಯ ಜಮೀನ್ದಾರ ಮನೆತನದ ಸಮಾಧಿಗಳು, ಇನ್ನೊಂದು ಪಕ್ಕ ಹ್ಯಾರಿಸ್ ಮನೆತನದ ಸ್ಮಾರಕಗಳು. ಮೊದಲನೆಯ ಬ್ಯಾರನ್ ಹ್ಯಾರಿಸನ ಪೂರ್ಣ ಬಿರುದಿನಲ್ಲಿ ಶ್ರೀರಂಗಪಟ್ಟಣ, ಮೈಸೂರುಗಳ ಹೆಸರಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಇಂಗ್ಲಿಷ್ ಸೇನೆಯ ದಂಡನಾಯಕನಾಗಿದ್ದ ಜನರಲ್ ಜಾರ್ಜ್ ಹ್ಯಾರಿಸ್ ಇವನೇ. ನಾನು ಹುಟ್ಟಿದ ಊರು ಶ್ರೀರಂಗಪಟ್ಟಣಕ್ಕೆ ಎಂಟು ಮೈಲಿ. ಶಾಲೆಯಿಂದ ಪ್ರತಿವರ್ಷ ನಮ್ಮನ್ನು ಆ ಕೋಟೆಯ ಒಡಕಿನ ಬಳಿಗೆ ಕರೆದೊಯ್ದು ನಿಲ್ಲಿಸುತ್ತಿದ್ದರು. ಒಡಕಿನ ಈಚೆ ಬದಿಯನ್ನು ಕಂಡಿದ್ದೆ. ಆಚೆ ಬದಿಯಿಂದ ಬಂದವನು ಕೊನೆಗೆ ಎಲ್ಲಿಗೆ ತಲುಪಿದನೆಂಬುದನ್ನು ಥ್ರೋಲಿಯಲ್ಲಿ ಕಂಡೆ.

ಹ್ಯಾರಿಸ್ ಸಿರಿವಂತರ ಮನೆಯವನಲ್ಲ. ಕೆಂಟಿನ ಬ್ರ್ಯಾಸ್ಟೆಡ್ ಎಂಬ ಹಳ್ಳಿಯ ಸಹಾಯಕ ಪಾದ್ರಿಯ ಮಗ. ಯುದ್ಧಲೂಟಿಯ ಹಂಚಿಕೆಯಲ್ಲಿ ಅವನ ಪಾಲಿಗೆ ಬಂದದ್ದು 1,40,000 ಪೌಂಡಿಗಿಂತ ಹೆಚ್ಚು. 1801ರಲ್ಲಿ ಅವನು ಥ್ರೋಲಿಯ ಪಕ್ಕದ ಬೆಲ್ಮಾಂಟ್ ಬಂಗಲೆ, ಜಮೀನುಗಳನ್ನು ಕೊಂಡ, 1815ರಲ್ಲಿ ಬ್ಯಾರನ್ ಆದ, 1829ರಲ್ಲಿ ತೀರಿಕೊಂಡ. ಅವನ ಮೊಮ್ಮಗ ಮದರಾಸಿನ ಗವರ್ನರ್, ಮರಿಮಗ ಮುಂಬಯಿಯ ಗವರ್ನರ್. ಆ ನಾಲ್ಕನೆಯ ಲಾರ್ಡ್ ಹ್ಯಾರಿಸ್ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನೂ ಆಗಿದ್ದ. ಮುಂಬಯಿಯ ಶಾಲಾ ಹುಡುಗರು ಆಡುವ ಹ್ಯಾರಿಸ್ ಶೀಲ್ಡ್ ಪಂದ್ಯಾವಳಿ ಅವನ ಹೆಸರಿನದೇ. ಇಲ್ಲಿ ಕುಳಿತಿರುವವರಲ್ಲಿಯೂ ಕೆಲವರ ಮಕ್ಕಳು ಅದನ್ನು ಆಡಿರಬಹುದು. ಶ್ರೀರಂಗಪಟ್ಟಣದ ಮಾತು ಎಲ್ಲೆಲ್ಲಿಗೆ ಹರಿದುಬಂತು ನೋಡಿ.

ಟಿಪ್ಪುವಿನ ವಿಚಾರದಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯಗಳಿವೆ. ಅವುಗಳನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಪ್ರಶ್ನೆ ಲೆಕ್ಕದ್ದು. ಥ್ರೋಲಿಯ ಗೋಡೆ ಜಮೆಯನ್ನು ಬಿರುದಿನ ರೂಪದಲ್ಲಿ ತೋರಿಸುತ್ತದೆ. ಖರ್ಚಿನ ಬಾಜು, ಅಂದರೆ ಆ ದಿನ ಸತ್ತ ಸಾವಿರಾರು ಜನ, ಆ ರಾತ್ರಿ ಲೂಟಿಯಾದ ಮನೆಗಳು, ಅಲ್ಲಿಲ್ಲ. ಒಂದೇ ಬಾಜು ಬರೆದ ಪುಸ್ತಕ ಸುಳ್ಳಲ್ಲ, ಅಪೂರ್ಣ. ಇಂಥ ಸ್ಮಾರಕಗಳನ್ನು ಕಿತ್ತುಹಾಕಬೇಕೆಂಬ ಚರ್ಚೆ ಇಂಗ್ಲೆಂಡಿನಲ್ಲಿಯೇ 2020ರಿಂದ ಜೋರಾಗಿ ನಡೆದಿದೆ. ಡೌಸಿಂಗನ ದಿನಚರಿಯ ವಿಚಾರ ತಿಳಿದ ಮೇಲೆ ಕೀಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಆದರೆ ಪಕ್ಕದಲ್ಲಿ ಖರ್ಚಿನ ಬಾಬ್ತು ಬರೆಯಬೇಕೆಂಬುದರಲ್ಲಿ ಸಂದೇಹವಿಲ್ಲ. ಬಾಗಿಲ ಬಳಿಯ ಸಂದರ್ಶಕರ ಪುಸ್ತಕದಲ್ಲಿ ನನ್ನ ಊರಿನ ಹೆಸರನ್ನೂ 4-5-1799 ಎಂಬ ತಾರೀಖನ್ನೂ ಕನ್ನಡದಲ್ಲಿ ಬರೆದು ಬಂದೆ. ಯಾರಿಗೂ ಓದಲು ಬಾರದು, ನಿಜ. ಲಾಂಗ್ ಮೆಲ್ಫರ್ಡಿನ ಗೋಡೆಯನ್ನೂ ಈಗ ಯಾರೂ ಬರೆದವರ ಉದ್ದೇಶದಿಂದ ಓದುತ್ತಿಲ್ಲ.

ಶ್ರಾಪ್‌ಶೈರಿನ ಮೋರ್ಟನ್ ಸೇ ಎಂಬ ಹಳ್ಳಿಯ ಚರ್ಚಿನಲ್ಲಿ ಇದಕ್ಕೆ ತದ್ವಿರುದ್ಧವಾದ ನೋಟ. ಪ್ಲಾಸಿಯ ರಾಬರ್ಟ್ ಕ್ಲೈವ್ 1774ರಲ್ಲಿ ತೀರಿಕೊಂಡಾಗ ಅವನನ್ನು ಅಲ್ಲಿ ಹೂಳಿದರು. ಗೋರಿಯ ಮೇಲೆ ಗುರುತಿಲ್ಲ, ನೆಲದ ಯಾವ ಭಾಗದಲ್ಲಿ ಇದ್ದಾನೆಂದು ತೋರಿಸುವವರೂ ಇಲ್ಲ. ಒಂದು ಪುಟ್ಟ ಹಿತ್ತಾಳೆ ಫಲಕವಷ್ಟೇ. ಎಸ್ಕಮ್ಮಿನ ಗೋಡೆಯಲ್ಲಿ ಸೇರಿಹೋದ ಆ ರೋಮನ್ ದಳದ ಕಲ್ಲು ನನಗೆ ಅಲ್ಲಿ ನೆನಪಾಯಿತು.

ಸಫಕ್ ಕೌಂಟಿಯ ಎಲ್ವೆಡನ್ ಎಂಬ ಊರಿನ ಚರ್ಚಿನ ಹಿತ್ತಲಲ್ಲಿ ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್, ಅವನ ಪತ್ನಿ ಬಂಬಾ, ಹದಿಮೂರರ ವಯಸ್ಸಿನಲ್ಲಿ ತೀರಿಕೊಂಡ ಮಗ ಎಡ್ವರ್ಡ್, ಮೂವರ ಗೋರಿಗಳು ಅಕ್ಕಪಕ್ಕದಲ್ಲಿವೆ. ಬಾಲ್ಯದಲ್ಲಿ ರಾಜ್ಯ ಕಳೆದುಕೊಂಡು, ಕ್ರೈಸ್ತನಾಗಿ, ಇಂಗ್ಲೆಂಡಿಗೆ ಬಂದು, 1863ರಲ್ಲಿ ಈ ಎಸ್ಟೇಟನ್ನು ಕೊಂಡವನು ಅವನು. 1886ರಲ್ಲಿ ಮತ್ತೆ ಸಿಖ್ಖನಾದ; 1893ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ತಂದು ಹೂಳಿದ್ದು ಮಾತ್ರ ಈ ಕ್ರೈಸ್ತ ಚರ್ಚಿನಲ್ಲಿ. ಈಗ ಅಲ್ಲಿಗೆ ಸಿಖ್ಖರು ಯಾತ್ರೆಯಂತೆ ಬರುತ್ತಾರೆ, ಹೂವು ಇಡುತ್ತಾರೆ.

ಎಲ್ವೆಡನ್ನಿನಲ್ಲಿ ನಿಂತಾಗ ನಮ್ಮ ಕೊಡಗಿನ ಗೌರಮ್ಮನ ನೆನಪಾಗದಿರದು. 1799ರಲ್ಲಿ ಇಂಗ್ಲಿಷರಿಗೆ ನೆರವಾದ ಕೊಡಗಿನ ದೊಡ್ಡ ವೀರರಾಜೇಂದ್ರನ ತಮ್ಮನ ಮಗ ಚಿಕ್ಕ ವೀರರಾಜೇಂದ್ರ. ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಪರಿಚಿತ. ಅವನನ್ನು 1834ರಲ್ಲಿ ಅದೇ ಇಂಗ್ಲಿಷರು ಪದಚ್ಯುತಗೊಳಿಸಿದರು. ಕಂಪನಿಯ ವಶದಲ್ಲಿದ್ದ ಮನೆತನದ ಹಣವನ್ನು ಕೇಳುವ ಉದ್ದೇಶದಿಂದ 1852ರಲ್ಲಿ ಅವನು ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಆ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹುಡುಗಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ಹುಡುಗಿಗೂ ವಿಕ್ಟೋರಿಯಾ ಎಂದೇ ಹೆಸರು. ದುಲೀಪನಿಗೂ ಗೌರಮ್ಮನಿಗೂ ಮದುವೆಯಾಗಲೆಂದು ರಾಣಿ ಬಯಸಿದ್ದಳು, ಅದು ನೆರವೇರಲಿಲ್ಲ. ತಂದೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ. ಗೌರಮ್ಮ 1860ರಲ್ಲಿ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಇಪ್ಪತ್ತಮೂರರ ಆಸುಪಾಸಿನಲ್ಲಿ ತೀರಿಕೊಂಡಳು. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ನಾನು ಹೋದ ದಿನ ಅಲ್ಲಿ ಹೂವಿರಲಿಲ್ಲ. ಎಲ್ವೆಡನ್ನಿಗೆ ಸಿಖ್ಖರು ಹೋಗುವಂತೆ ಇಲ್ಲಿಗೆ ನಾವು ಹೋಗುತ್ತಿಲ್ಲ.

ಇಂಥ ಕಟ್ಟಡಗಳನ್ನು ಈಗ ನೋಡಿಕೊಳ್ಳುವವರು ಯಾರು? ನಮ್ಮ ಪುರಾತತ್ವ ಇಲಾಖೆಯಂಥದ್ದೊಂದು ಇರಬೇಕೆಂದು ತಾವು ಭಾವಿಸಬಹುದು. ಹಾಗಿಲ್ಲ. ರಾಜನೇ ಧರ್ಮಸಂಸ್ಥೆಯ ಮುಖ್ಯಸ್ಥನಾದರೂ ಚರ್ಚಿನ ಛಾವಣಿಗೆ ಸರಕಾರ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹೊಣೆ ಆಯಾ ಪ್ಯಾರಿಷ್ಷಿನ ಸಮಿತಿಯದು. ಆ ಸಮಿತಿಯಲ್ಲಿರುವವರು ಬಹುತೇಕ ನನಗಿಂತ ಹಿರಿಯರು. ಅವರೇ ಗುಡಿಸಬೇಕು, ಹೂವು ಇಡಬೇಕು, ಛಾವಣಿಯ ಸೀಸ ಕದ್ದುಹೋದರೆ ಪೊಲೀಸರಿಗೆ ತಿಳಿಸಬೇಕು. ಬಾವಲಿಗಳಿಗೆ ಕಾನೂನಿನ ರಕ್ಷಣೆಯಿರುವುದರಿಂದ ಅವುಗಳನ್ನು ಓಡಿಸುವಂತಿಲ್ಲ; ಹಿಕ್ಕೆಯನ್ನು ಒರೆಸಬಹುದು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡವರು ಶೇ. 46.2, ಮೊದಲ ಬಾರಿಗೆ ಅರ್ಧಕ್ಕಿಂತ ಕಡಿಮೆ. 1969ರಿಂದೀಚೆಗೆ ಸುಮಾರು ಎರಡು ಸಾವಿರ ಚರ್ಚುಗಳಲ್ಲಿ ಆರಾಧನೆ ನಿಂತಿದೆ. ಅದೇ ವರ್ಷ ಸ್ಥಾಪನೆಯಾದ ಸಂರಕ್ಷಣಾ ಟ್ರಸ್ಟು ಅವುಗಳಲ್ಲಿ 350ಕ್ಕೂ ಹೆಚ್ಚನ್ನು ಉಳಿಸಿಕೊಂಡಿದೆ. ಉಳಿದವು ಮನೆಗಳಾಗಿವೆ, ಅಂಗಡಿಗಳಾಗಿವೆ, ಕೆಲವು ಬಿದ್ದಿವೆ. ಸಂರಕ್ಷಿತ ಚರ್ಚುಗಳ ದುರಸ್ತಿಯ ಮೇಲೆ ಕಟ್ಟಿದ ತೆರಿಗೆಯನ್ನು ಹಿಂದಿರುಗಿಸುವ ಯೋಜನೆ 2001ರಲ್ಲಿ ಬಂದಿತ್ತು. 2025ರ ಏಪ್ರಿಲ್ಲಿನಿಂದ ಅದಕ್ಕೂ ಒಂದು ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡುಗಳ ಮಿತಿ ಬಿತ್ತು. ನಂಬದವನ ತೆರಿಗೆಯಿಂದ ದೇವರ ಮನೆ ದುರಸ್ತಿ ಮಾಡಬಹುದೇ ಎಂಬ ವಾದ ಅಲ್ಲಿಯೂ ಇದೆ. ಊರಿನ ಕಿರ್ದಿ ಪುಸ್ತಕ ನಂಬುವವರಿಗೆ ಮಾತ್ರ ಸೇರಿದ್ದಲ್ಲವೆಂಬುದು ನನ್ನ ಅಭಿಪ್ರಾಯ. ಹುಟ್ಟಿದೂರಿನ ಗುಡಿಯ ಜಾತ್ರೆಗೆ ಪ್ರತಿವರ್ಷ ಇಲ್ಲಿಂದ ವಂತಿಗೆ ಕಳಿಸುವ ನಮ್ಮಲ್ಲಿ ಎಲ್ಲರೂ ಭಕ್ತರೇನಲ್ಲ.

ಹೆರಿಫರ್ಡ್‌ಶೈರಿನ ಯಾರ್ಪೋಲ್ ಎಂಬ ಹಳ್ಳಿಯವರು ಇದಕ್ಕೊಂದು ದಾರಿ ಕಂಡುಕೊಂಡರು. ಊರಿನ ಅಂಗಡಿ ಮುಚ್ಚುವ ಸ್ಥಿತಿ ಬಂದಾಗ, 2009ರಲ್ಲಿ, ಅಂಗಡಿಯನ್ನೂ ಅಂಚೆ ಕಚೇರಿಯನ್ನೂ ಚರ್ಚಿನೊಳಕ್ಕೇ ತಂದರು. ದೈವನಿಂದೆಯೆಂದು ಕೆಲವರಿಗೆ ತೋರಬಹುದು. ಮೋರ್‌ಬಾತಿನ ಕುರಿಗಳ ಕಥೆ ಬಲ್ಲವರಿಗೆ ಹಾಗೆ ತೋರುವುದಿಲ್ಲ.

ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವವರು ಒಂದು ದಿನವನ್ನು ಇದಕ್ಕಾಗಿ ಇಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಹಳ್ಳಿಯ ಚರ್ಚುಗಳು ಹಗಲಿನಲ್ಲಿ ಸಾಮಾನ್ಯವಾಗಿ ತೆರೆದಿರುತ್ತವೆ. ಬೀಗ ಹಾಕಿದ್ದರೆ ಕೀಲಿ ಯಾರ ಮನೆಯಲ್ಲಿ ಸಿಗುತ್ತದೆಂಬ ಚೀಟಿಯನ್ನು ಬಾಗಿಲ ಬಳಿ ಹಚ್ಚಿರುವುದುಂಟು. ಒಳಗೆ ತುಂಬ ಚಳಿ, ಬೇಸಗೆಯಲ್ಲಿಯೂ ಶಾಲು ಬೇಕು. ಗೋಡೆಯಲ್ಲಿ ಹುಂಡಿಯಿರುತ್ತದೆ, ಒಂದೆರಡು ಪೌಂಡು ಹಾಕಿ ಬನ್ನಿ. ಬ್ರಾಂಪ್ಟನ್ ಸ್ಮಶಾನಕ್ಕೆ ವೆಸ್ಟ್ ಬ್ರಾಂಪ್ಟನ್ ರೈಲು ನಿಲ್ದಾಣದಿಂದ ಐದು ನಿಮಿಷದ ನಡಿಗೆ.